ಜಾಹೀರಾತಿನ ಬಿಡುವು

ಸಾಹುಕಾರ ಮರಿಮಲ್ಲಪ್ಪನವರ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತ್ತು. ಚಂದಾ ತೆತ್ತು, ಜಾಹೀರಾತಿನ ಕಾಟವಿಲ್ಲದೆ ಧಾರಾವಾಹಿ ಕಾಣುವ ಭಾರಿ ಟಿವಿ ಪಡಸಾಲೆಯಲ್ಲಿತ್ತು. ಪತ್ನಿ ರಾಜಮ್ಮಣ್ಣಿಯವರು ಮಾತ್ರ ಅಡುಗೆಯ ಸಣ್ಣತಾಯಮ್ಮನ ಪುಟ್ಟ ಮೊಬೈಲಿನಲ್ಲಿ ಅದನ್ನೇ ನೋಡಿ ನಗುತ್ತಿದ್ದರು.

“ಕದ್ದು ನೋಡುವವಳಿಗೆ ಇಲ್ಲಿ ಕೆಲಸವಿಲ್ಲ,” ಎಂದು ಸಾಹುಕಾರರು ಸಣ್ಣತಾಯಮ್ಮನನ್ನು ಕರೆದು ಗುಡುಗಿದರು.

“ಕದ್ದದ್ದಲ್ಲ, ಬುದ್ಧಿ. ಜಾಹೀರಾತು ಸಹಿಸುವವರಿಗೆ ವಾಹಿನಿಯವರೇ ಪುಕ್ಕಟೆ ತೋರಿಸ್ತಾರೆ. ಆ ಬಿಡುವಿನಲ್ಲೇ ಅಮ್ಮಾವರೂ ನಾನೂ ಅತ್ತೆ ಸರಿಯೋ ಸೊಸೆ ಸರಿಯೋ ಅಂತ ತೀರ್ಮಾನ ಮಾಡೋದು. ತಮ್ಮ ಟಿವಿಯಲ್ಲಿ ಮಾತಿಗೆ ಬಿಡುವೆಲ್ಲಿದೆ? ಚಂದಾ ನಿಲ್ಲಿಸಿ ನೋಡಿ. ಅಮ್ಮಾವರು ಪಡಸಾಲೆಗೆ ಬರದಿದ್ದರೆ ನಾನೇ ಕೆಲಸ ಬಿಟ್ಟು ಹೊರಡ್ತೀನಿ.”

ಸಾಹುಕಾರರು ಚಂದಾ ನಿಲ್ಲಿಸಿದರು. ಮರುಸಂಜೆ ಪಡಸಾಲೆಯಲ್ಲಿ ಸೋಪಿನ ಜಾಹೀರಾತು ಬಂದೊಡನೆ, ಪಕ್ಕದಲ್ಲಿ ಕುಳಿತಿದ್ದ ರಾಜಮ್ಮಣ್ಣಿಯವರು ಅವರತ್ತ ತಿರುಗಿದರು. “ಏನೂಂದ್ರೆ, ಸೊಸೆಯದೇ ತಪ್ಪಲ್ಲವೇ?”

ಸಾಹುಕಾರರು ಬಾಯಿ ತೆರೆಯುವಷ್ಟರಲ್ಲಿ ಕಥೆ ಮತ್ತೆ ಆರಂಭವಾಯಿತು.

“ಛೆ,” ಎಂದು ಗೊಣಗಿದರು, “ಜಾಹೀರಾತು ಇಷ್ಟು ಚಿಕ್ಕದೇ?”