ಇರುವೆಯ ಕಣಜದಲ್ಲಿ ಉಳಿದ ಕಾಳು

"ನಿನ್ನ ಕೈಲಾಗದು" ಎಂದು ಕಾಗೆ ನಕ್ಕಿದ್ದಕ್ಕೇ ಇರುವೆ ಹಟ ಹಿಡಿದು ಕಣಜ ಕಟ್ಟಿತು. ಸುಗ್ಗಿಯಲ್ಲಿ ಎಲ್ಲರೂ ಕಾಳು ಹಾಕಬೇಕು, ಗೂಡು ಬಿದ್ದವರು ಬಂದು ಒಯ್ಯಬೇಕು.

ಮೊದಲು ಅಳಿಲು ಬಂತು. "ಗಾಳಿಗೆ ಗೂಡು ಹೋಯಿತಕ್ಕ" ಎಂದು ಅತ್ತು, ಹೊರುವಷ್ಟು ಹೊತ್ತೊಯ್ದಿತು. ಅದನ್ನು ನೋಡಿ ಗೊರವಂಕವೂ ಅತ್ತು ಒಯ್ದಿತು. ಗಾಳಿಗೆ ಹೋಯಿತೆಂದ ಅಳಿಲಿನ ಗೂಡಿನ ತುಂಬ ಅದರದೇ ಹಲ್ಲಿನ ಗುರುತು ಕಂಡ ದಿನ ಇರುವೆಯ ನಂಬಿಕೆ ಸತ್ತಿತು.

ಆಮೇಲೆ ಗೀಜಗ ಕುಂಟುತ್ತ ಬಂತು. "ಅಕ್ಕಾ, ಗೂಡಿನ ಜೊತೆ ನಾನೂ ಬಿದ್ದೆ, ಹಾರಲಾರೆ. ಮರಿಗಳು ಹಸಿದಿವೆ, ನಾಲ್ಕು ಕಾಳು ಕೊಡು."

"ಅಳುವುದು ಎಲ್ಲರಿಗೂ ಬರುತ್ತದಮ್ಮ. ಮೊದಲು ನಾನು ನೋಡಬೇಕು."

ಇರುವೆ ತನ್ನ ನಡಿಗೆಯಲ್ಲೇ ಹೋಯಿತು. ಮುರಿದ ಕೊಂಬೆಯ ಸುತ್ತ ಹುಡುಕಿತು. ಬೇಕೆಂದೇ ಕಡಿದ ಗುರುತು ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಮರಿಗಳು ತಣ್ಣಗಾಗಿದ್ದವು.

ಕಣಜ ಇಂದಿಗೂ ಇರುವೆಯ ಕೈಯಲ್ಲೇ ಇದೆ. ಆ ಮರಿಗಳ ನಾಲ್ಕು ಕಾಳೂ ಅದರಲ್ಲೇ ಉಳಿದಿವೆ.