ಎಲೆ ಕಾಣದ ಹೂವಿನ ಗಡ್ಡೆ

ಒಂದೂರು ಇತ್ತಂತೆ. ಅದಕ್ಕೆ ಹೆಸರಿತ್ತೋ ಇಲ್ಲವೋ, ನಮಗೆ ಹೇಳಿದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ಊರಿಂದ ಒಂದು ದಿನದ ದಾರಿ ನಡೆದರೆ ಒಂದು ಕಲ್ಲುಗುಡ್ಡ, ಗುಡ್ಡದ ಮೇಲೊಂದು ಕುರಿಹಟ್ಟಿ. ಹಟ್ಟಿಯವರು ಬೇಸಿಗೆಯೆಲ್ಲ ಅಲ್ಲೇ ಇರೋರಂತೆ. ಮೊದಲ ಮಳೆ ಬಿತ್ತೋ, ಕೆಸರಲ್ಲಿ ಕುರಿ ಕಾಲು ಕೊಳೀತಾವೆ ಅಂತ ಗಂಟುಮೂಟೆ ಕಟ್ಟಿ ಒಣಸೀಮೆಗೆ ಹೊರಟುಬಿಡೋರು. ಮತ್ತೆ ಗುಡ್ಡ ಹತ್ತೋದು ಯುಗಾದಿಗೇ.

ಅವರು ಬರೋ ಹೊತ್ತಿಗೆ ಬೋಳು ನೆಲದಿಂದ ಒಂದು ಸಣ್ಣ ಹೂವು ಎದ್ದಿರೋದಂತೆ. ಗೇಣುದ್ದ ದಂಟು, ದಂಟಿನ ತುಂಬ ಬೆಳ್ಳನೆ ಚುಕ್ಕಿ ಹೂವು. ಸುತ್ತ ಹುಡುಕಿದರೂ ಒಂದೆಲೆ ಇಲ್ಲ. ಹಟ್ಟಿಯವರು ಅದಕ್ಕೆ ಯುಗಾದಿ ಹೂವು ಅನ್ನೋರು.

ಹಟ್ಟಿಯಲ್ಲಿ ಒಂದು ಕಟ್ಟಲೆ ಇತ್ತಂತೆ. ಮಗಳನ್ನು ಗಂಡನ ಮನೆಗೆ ಕಳಿಸೋವಾಗ ಅಕ್ಕಿ, ಬೆಲ್ಲ, ಕೊಬ್ಬರಿ ಜೊತೆಗೆ ಆ ಹೂವಿನ ಗಡ್ಡೆಯೊಂದನ್ನು ಮಡಿಲಿಗೆ ಹಾಕಬೇಕು. ಅದು ಮಗಳ ಅಂಗಳದಲ್ಲಿ ಅರಳೋವರೆಗೂ ಅವ್ವ ಆದವಳು ಅವಳ ಹೊಸ್ತಿಲು ತುಳಿಯಂಗಿಲ್ಲ, ಮಗಳು ತವರಿಗೆ ಕಾಲಿಡಂಗಿಲ್ಲ. ಅರಳಿತು ಅಂದರೆ ಮಗಳು ಆ ಮಣ್ಣಿಗೆ ಹೊಂದಿಕೊಂಡಳು ಅಂತ ಅರ್ಥ. ಎಂಥಾ ಕಟ್ಟಲೆಯೋ! ಮಾಡಿದವರ ಬಾಯಿಗೆ ಮಣ್ಣು ಹಾಕ.

ಆ ಹಟ್ಟಿಯ ಸಣ್ಣೀರವ್ವನಿಗೆ ಮಾಳವ್ವ ಅಂತ ಒಬ್ಬಳೇ ಮಗಳು. ಅವಳನ್ನು ಮೊದಲು ಹೇಳಿದ ಆ ಊರಿಗೆ, ಈರುಳ್ಳಿ ಬೆಳೆಯೋ ಮನೆಗೆ ಕೊಟ್ಟರಂತೆ. ಗಂಡ ಬೀರಪ್ಪ ಸಾಧು. ಅತ್ತೆ ದ್ಯಾಮವ್ವ ಮಾತಿಗೆ ನಿಂತರೆ ಕೋಳಿಯೂ ಅಂಗಳ ಬಿಟ್ಟು ಓಡಬೇಕು, ಹಂಗಿದ್ದಳು. ಮಡಿಲ ಗಡ್ಡೆ ಕೊಡೋವಾಗ ಸಣ್ಣೀರವ್ವ, "ಜ್ವಾಪಾನವಾಗಿ ನೋಡ್ಕೊಳವ್ವಾ. ಇದು ಬೇಗ ಅರಳಲಿ, ನಾನು ಬೇಗ ಬರಂಗಾಗಲಿ," ಅಂದಿದ್ದಳಂತೆ.

ಜ್ವಾಪಾನ ಅಂದರೆ ಎಂಥಾ ಜ್ವಾಪಾನ! ಮಾಳವ್ವ ಬಚ್ಚಲ ನೀರು ಹರಿಯೋ ಕಡೆ ಗಡ್ಡೆ ನೆಟ್ಟಳು, ಸುತ್ತ ಮುಳ್ಳುಬೇಲಿ ಕಟ್ಟಿದಳು, ಅತ್ತೆಯನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮಳೆ ಬಿತ್ತು. ಗಡ್ಡೆ ನೆಟ್ಟ ಜಾಗದಲ್ಲಿ ಹಸಿರಾಗಿ ಎರಡೆಲೆ ಮೂಡಿದವು. "ನಮ್ಮ ಹೂವಿಗೆ ಎಲೆ ಎಲ್ಲೈತೆ? ಹಾಳು ಕಳೆ!" ಅಂತ ಚಿವುಟಿ ಎಸೆದಳು. ಮತ್ತೆ ಮೂಡಿದವು, ಮತ್ತೆ ಚಿವುಟಿದಳು. ಬೆರಳಿಗೆ ನವೆ ಬಂದರೂ ಬಿಡಲಿಲ್ಲ.

ಯುಗಾದಿ ಬಂತು. ಹಟ್ಟಿಯ ಕುರಿಗಳು ಊರ ಗಡಿ ಹಾದು ಗುಡ್ಡಕ್ಕೆ ಹೊರಟವು. ಸಣ್ಣೀರವ್ವ ಗಡಿಯ ಬನ್ನಿಮರದ ಹತ್ತಿರ ನಿಂತು ಕೂಗಿದಳು:

"ಅರಳ್ತೇನವ್ವಾ?"

"ಇಲ್ಲವ್ವಾ."

ಅವ್ವ ಸೆರಗಲ್ಲಿ ಮುಖ ಒರೆಸಿಕೊಂಡು ಕುರಿಗಳ ಹಿಂದೆ ಹೋದಳು. ಮಗಳು ಗಡಿಕಲ್ಲಿನ ಈಚೆ ನಿಂತೇ ಇದ್ದಳು.

ಮರುವರ್ಷ ಮಾಳವ್ವ ಇನ್ನೂ ಕಟ್ಟುನಿಟ್ಟು. ಎಲೆ ತಲೆ ಎತ್ತಿದ ದಿನವೇ ಚಿವುಟೋದು. ಮತ್ತೆ ಯುಗಾದಿ, ಮತ್ತೆ "ಅರಳ್ತೇನವ್ವಾ?" ಮತ್ತೆ "ಇಲ್ಲವ್ವಾ." ಅಷ್ಟರಲ್ಲಿ ಸಣ್ಣೀರವ್ವನ ಕೈಗೆ ಊರುಗೋಲು ಬಂದಿತ್ತು. ಅದನ್ನು ಕಂಡ ಮಾಳವ್ವನಿಗೆ ಒಂದೇ ಚಿಂತೆ. ಇನ್ನೊಂದು ವರ್ಷಕ್ಕೆ ಅವ್ವ ಈ ದಾರೀಲಿ ಬರ್ತಾಳೋ ಇಲ್ಲವೋ! ಮನೆಗೆ ಬಂದವಳೇ ಅತ್ತೆ ಮೇಲೆ ಬಿದ್ದಳು.

"ನೀನೇ ಬಿಸಿನೀರು ಸುರಿದು ನನ್ನ ಗಡ್ಡೆ ಸಾಯಿಸಿದ್ದು!"

"ನಿನ್ನ ಗಡ್ಡೆ ಸುಡೋಕೆ ನಂಗೆ ಪುರುಸೊತ್ತಿಲ್ಲ ಕಣೇ," ಅಂದಳು ದ್ಯಾಮವ್ವ. ಆದರೆ ಸೊಸೆ ಅಳು ನೋಡಿ ಎದ್ದು ಬಂದಳು. ಬೇಲಿ ಸರಿಸಿ ಗಡ್ಡೆ ಎತ್ತಿ ನೋಡಿದಳು. ಮಡಿಲಲ್ಲಿ ಬಂದಾಗ ನಿಂಬೆಹಣ್ಣಿನಷ್ಟಿದ್ದದ್ದು ಈಗ ಬೆಳ್ಳುಳ್ಳಿ ಎಸಳಿನಷ್ಟಾಗಿತ್ತು. "ಜೀವ ಐತೆ. ಈ ಮಳೆಗಾಲ ಇದು ನಂದು. ನೀನು ಮುಟ್ಟಿದರೆ ನೋಡು," ಅಂದವಳೇ ನೀರು ನಿಲ್ಲದ ಕಡೆ, ಗೋಡೆ ಪಕ್ಕದ ಗರಸು ದಿಬ್ಬದಲ್ಲಿ, ಬಿಸಿಲು ಬೀಳೋ ಹಂಗೆ ನೆಟ್ಟಳು.

ಮಳೆ ಬಿತ್ತು, ಎಲೆ ಬಂತು. ದ್ಯಾಮವ್ವ ಚಿವುಟಲಿಲ್ಲ. ಮಾಳವ್ವನಿಗೆ ಮೈಯೆಲ್ಲ ಉರಿ. "ಅತ್ತೆವ್ವಾ, ಕಳೆ ಸಾಕ್ತಿದ್ದೀಯಲ್ಲ, ನಂಗೂ ನಮ್ಮವ್ವಂಗೂ ಋಣ ಹರಿಯಲಿ ಅಂತಲಾ?"

ದ್ಯಾಮವ್ವ ಅವಳ ಕೈ ಹಿಡಿದು ದಿಬ್ಬದ ಹತ್ತಿರ ಕೂರಿಸಿದಳು. "ಕೀಳಬೇಡ. ಎಲೆ ಹಿಡ್ಕೊಂಡು ಬೆರಳಲ್ಲಿ ಮಣ್ಣು ಬಿಡಿಸ್ತಾ ಕೆಳಗಿಳಿ. ಎಲ್ಲಿಂದ ಬಂದೈತೆ ನೋಡು."

ಮಾಳವ್ವ ಮಣ್ಣು ಬಿಡಿಸಿದಳು. ಎಲೆಯ ಬುಡ ನೆಟ್ಟಗೆ ಅವಳ ಗಡ್ಡೆಯ ಬಾಯೊಳಗೇ ಕೂತಿತ್ತು.

"ನಾವು ಇದಕ್ಕೆ ಕಾಡೀರುಳ್ಳಿ ಅಂತೀವಿ," ಅಂದಳು ದ್ಯಾಮವ್ವ. "ಮಳೆಗಾಲದಾಗೆ ಹೊಲದ ಬದುವಿನ ತುಂಬ ಇದರ ಎಲೆ, ಕಿತ್ತರೆ ಕೈಯೆಲ್ಲ ನವೆ. ಇದು ಹೂ ಬಿಡ್ತದೆ ಅಂತ ನಂಗೂ ಗೊತ್ತಿರಲಿಲ್ಲ. ಬೇಸಿಗೇಲಿ ಹೊಲದ ಕಡೆ ಯಾರು ಹೋಗ್ತಾರೆ? ಆದರೆ ಗಡ್ಡೆಗೆ ಎಲೆಯೇ ಅನ್ನ ಕಣೇ. ಎಲೆ ಕಿತ್ತರೆ ಅದೇನು ತಿನ್ನಬೇಕು?"

"ಅಯ್ಯೋ ಶಿವನೇ! ಬಾಯಿಗೆ ಬಂದ ತುತ್ತನ್ನ ನಾನೇ ಕಿತ್ತುಕೊಂಡೆನಲ್ಲಾ!" ಅಂತ ಮಾಳವ್ವ ಹಣೆ ಹಣೆ ಚಚ್ಚಿಕೊಂಡಳು. ಅವಳ ಹಟ್ಟಿಯಲ್ಲಿ ಆ ಗಡ್ಡೆಯನ್ನು ಯಾರೂ ನೋಡಿಕೊಂಡವರಲ್ಲ. ಎಲೆ ಬರೋ ಕಾಲಕ್ಕೆ ಹಟ್ಟಿಯಲ್ಲಿ ಮನುಷ್ಯರೇ ಇರುತ್ತಿರಲಿಲ್ಲ, ಅದಕ್ಕೇ ಅಲ್ಲಿ ಪ್ರತಿ ವರ್ಷ ಅರಳುತ್ತಿತ್ತು.

ಚಳಿ ಬಂತು, ಎಲೆ ಹಳದಿಯಾಗಿ ಒಣಗಿ ಮಲಗಿತು. ದ್ಯಾಮವ್ವ ಕುಡುಗೋಲು ಹಿಡಿದು ಬಂದಳು. ಈರುಳ್ಳಿ ಬೆಳೆದ ಕೈ ನೋಡಿ, ಎಲೆ ಮಲಗಿದರೆ ಕೀಳೋದೇ ಅವಳಿಗೆ ಗೊತ್ತು. ಈಗ ಮಾಳವ್ವ ಅಡ್ಡ ನಿಂತಳು.

"ಬೇಡ ಅತ್ತೆವ್ವಾ. ಇನ್ನು ಇದು ನಂದು. ಗುಡ್ಡದಾಗೆ ಇದನ್ನ ಯಾರೂ ಕೀಳಲ್ಲ, ಬೇಸಿಗೇಲಿ ತೊಟ್ಟು ನೀರೂ ಹಾಕಲ್ಲ. ಒಣಗಲಿ ಬಿಡು."

"ಹೂಂ, ನಿನ್ನ ಮಾತೇ ಆಗಲಿ," ಅಂತ ದ್ಯಾಮವ್ವ ಕುಡುಗೋಲನ್ನ ಸೂರಿಗೆ ಸಿಕ್ಕಿಸಿದಳಂತೆ.

ಗಡ್ಡೆ ತಿಂದು ದಪ್ಪ ಆಗೋಕೆ ಒಂದು ಮಳೆಗಾಲ ಸಾಲಲಿಲ್ಲ. ಆ ಯುಗಾದಿಗೂ ಊರುಗೋಲು ಊರಿಕೊಂಡು ಸಣ್ಣೀರವ್ವ ಬಂದಳು, ಕೂಗಿದಳು, ಹಂಗೇ ಹೋದಳು. ಅತ್ತೆ ಸೊಸೆ ಇಬ್ಬರೂ ಆ ದಿನ ಉಣ್ಣಲಿಲ್ಲ. ಮುಂದಿನ ಮಳೆಗೆ ಎರಡೆಲೆ ಹೋಗಿ ಐದೆಲೆ ಬಂದವು. ಎಲೆ ಒಣಗಿತು, ಬಿಸಿಲು ಏರಿತು. ಒಂದು ಬೆಳಿಗ್ಗೆ ಅಂಗಳ ಗುಡಿಸೋಕೆ ಹೋದ ಮಾಳವ್ವ ಪೊರಕೆ ಬಿಟ್ಟು ಕೂತುಬಿಟ್ಟಳು. ಬೋಳು ದಿಬ್ಬದಿಂದ ದಂಟು ಎದ್ದಿತ್ತು.

ಗಡಿಯಲ್ಲಿ ಕುರಿ ಗಂಟೆ ಕೇಳಿಸಿತು. "ಅರಳ್ತೇನವ್ವಾ?" ಅಂತ ಬಡಕಲು ದನಿ. ಮಾಳವ್ವ ಬಾಯಿ ತೆರೆಯೋ ಮುಂಚೆ ದ್ಯಾಮವ್ವನೇ ಊರೆಲ್ಲ ಕೇಳೋ ಹಂಗೆ ಕೂಗಿದಳು, "ಅರಳೈತೆ ಬಾರೇ ಬೀಗಿತ್ತೀ!"

ಸಣ್ಣೀರವ್ವ ಬಂದಳು, ಹೂವು ನೋಡಿದಳು, ಮಗಳನ್ನು ತಬ್ಬಿಕೊಂಡು ಅತ್ತಳು. ಎಲೆಯ ಕತೆಯೆಲ್ಲ ಕೇಳಿ, "ಇದಕ್ಕೆ ಎಲೆ ಐತಾ? ಇಷ್ಟು ವಯಸ್ಸಾದರೂ ನಂಗೆ ಗೊತ್ತಿರಲಿಲ್ಲವಲ್ಲವ್ವಾ!" ಅಂದಳು.

ದ್ಯಾಮವ್ವ ತಟ್ಟೆಗೆ ಹೋಳಿಗೆ ಬಡಿಸುತ್ತಾ ಕೇಳಿದಳಂತೆ, "ಎಲೆ ಹೋಗಲಿ ಬಿಡು. ಹೂವು ಅರಳದಿದ್ದರೂ ನೀನು ಬಂದಿದ್ದರೆ ನಿನ್ನ ಕುರಿ ಸಾಯ್ತಿದ್ದವಾ ಬೀಗಿತ್ತೀ?"

ಸಣ್ಣೀರವ್ವನ ಕೈಯ ತುತ್ತು ಕೈಯಲ್ಲೇ ಇತ್ತು.

ಆ ವರ್ಷ ಮೊದಲ ಮಳೆ ಬಿದ್ದಾಗ ಹಟ್ಟಿಯವರೆಲ್ಲ ಕುರಿ ಹೊಡ್ಕೊಂಡು ಒಣಸೀಮೆಗೆ ಹೋದರಂತೆ. ಸಣ್ಣೀರವ್ವ ಒಬ್ಬಳೇ ಮಳೆಗೆ ತಲೆ ಮೇಲೆ ಕಂಬಳಿ ಕೊಪ್ಪೆ ಹಾಕ್ಕೊಂಡು, ಕೆಸರು ತುಳಕೊಂಡು ಮಗಳ ಬಾಗಿಲಿಗೆ ಬಂದಳಂತೆ. ಗಡಿಯಲ್ಲಿ ನಿಲ್ಲಲಿಲ್ಲ, ಕೂಗಲೂ ಇಲ್ಲ. "ಎಲೆ ನೋಡೋಕೆ ಬಂದೆ ಕಣವ್ವಾ," ಅಂದಳಂತೆ.

ಅವರು ಅಲ್ಲಿ ಒಲೆ ಮುಂದೆ ಮೈ ಕಾಯಿಸ್ಕೊಂಡು ಕೂತರು, ನಾವು ಇಲ್ಲಿ ಅವರ ಮಾತಾಡ್ಕೊಂಡು ಕೂತಿದ್ದೀವಿ. ಏಳ್ರಿ ಇನ್ನ, ನಿಮ್ಮ ನಿಮ್ಮ ಅವ್ವಂದಿರು ದಾರಿ ಕಾಯ್ತಿರ್ತಾರೆ.