ಅಲ್ಲೀಸಾಬನ ಡೊಳ್ಳುಹೊಟ್ಟೆ ಅಕ್ಷರ

ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ, ಅಲ್ಲೀಸಾಬ ಅಂತ ಬೋರ್ಡು ಬರೆಯುವವನೊಬ್ಬನಿದ್ದ. ಯಾವ ಕಾಲ ಅಂತ ನನ್ನನ್ನು ಕೇಳಬೇಡಿ, ನಮ್ಮಜ್ಜಿಗೇ ಗೊತ್ತಿರಲಿಲ್ಲ. ಅವನ ಅಕ್ಷರಗಳಿಗೆ ಡೊಳ್ಳುಹೊಟ್ಟೆ ಇತ್ತಂತೆ. ಒಂದು ಕುಣಿಯುವುದು, ಇನ್ನೊಂದು ಪಕ್ಕದ್ದಕ್ಕೆ ಒರಗಿ ನಗುವುದು. ಸೋಡಾ ಅಂಗಡಿಯ ಮೇಲೆ ಬರೆದರೆ ನೋಡಿದವರಿಗೆ ಬಾಯಾರುತ್ತಿತ್ತಂತೆ. ಟಾಂಗಾದ ಹಿಂದೆ ಬರೆದರೆ ಕುದುರೆಗೇ ಹುರುಪು ಬರುತ್ತಿತ್ತಂತೆ. ಮದುವೆ ಬ್ಯಾಂಡಿನ ಡ್ರಮ್ಮಿನ ಮೇಲೂ ಅವೇ ಅಕ್ಷರ. ಶಾಲೆಯ ಮಾಸ್ತರರು ಮಾತ್ರ, ನಾಯಿಬಾಲದ ಡೊಂಕು ನೆಟ್ಟಗಾದರೂ ಇವನ ಅಕ್ಷರ ಸಾಲಿಗೆ ನಿಲ್ಲುವುದಿಲ್ಲ ಅಂತ ಬೈಯುತ್ತಿದ್ದರು.

ಆ ಊರಿಗೆ ತುಂಗಾಬಾಯಿಯ ನಾಟಕ ಕಂಪನಿ ಬಂತು. ಆಕೆಯೇ ಒಡತಿ, ಆಕೆಯೇ ನಾಯಕಿ. ಸಾಯುವ ಪಾರ್ಟಿನಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ‘ಸೊಸೆಯ ಶೋಕ’ ಆಡಿದರು. ಎಂಟು ದಿನ ಬರೀ ಕುರ್ಚಿಗಳು ನೋಡಿದವು. ಒಂಬತ್ತನೆಯ ದಿನವೂ ಜನ ಬರದಿದ್ದರೆ ಕಂಪನಿ ಮುಚ್ಚಿ, ಮೂವತ್ತು ಮಂದಿ ಕಲಾವಿದರನ್ನು ಅವರವರ ಊರಿಗೆ ಕಳಿಸುವುದೆಂದು ಆಕೆ ನಿಶ್ಚಯಿಸಿದಳು. ಕೊನೆಯ ಬೋರ್ಡು ಬರೆಯಲು ಅಲ್ಲೀಸಾಬನನ್ನು ಕರೆಸಿದಳು.

ಅವನಿಗೆ ಬರುತ್ತಿದ್ದುದು ಅದೊಂದೇ ಬಗೆಯ ಅಕ್ಷರ. ಹಳದಿ ಮೈಗೆ ಕೆಂಪು ಅಂಚು ಕಟ್ಟಿ, ನಾಟಕದ ಹೆಸರನ್ನು ಎತ್ತಿನಗಾಡಿಯಷ್ಟುದ್ದ ಬರೆದ. ಓದು ಬಾರದವರೂ ನೋಡಿ ನಕ್ಕರು. ಎಂಥಾ ನಗೆನಾಟಕ ಇರಬೇಕು ಅಂತ ಬುತ್ತಿ ಕಟ್ಟಿಕೊಂಡು ಏಳು ಹಳ್ಳಿಯವರು ಬಂದರಂತೆ.

ಬಂದರು, ಸರಿ. ನಾಯಕಿ ವಿಷ ಕುಡಿದು ಬಿದ್ದಳು. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿಕ್ಕೆಂದೇ ಬಂದವರು, ಪಾಪ, ಇನ್ನೇನು ಮಾಡಿಯಾರು? ಇಪ್ಪತ್ತು ವರ್ಷ ಸತ್ತು ಸಂಪಾದಿಸಿದ ಹೆಸರು ಹೋಯಿತೆಂದು ತುಂಗಾಬಾಯಿ ಬಿದ್ದಲ್ಲೇ ನಿಜವಾಗಿ ಅಳತೊಡಗಿದಳು. ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಪರದೆಯ ಮರೆಯಲ್ಲಿ ನಿಂತಿದ್ದ ಅಲ್ಲೀಸಾಬ ಮೆಲ್ಲಗೆ ಅಂದನಂತೆ: “ಅಕ್ಕಾರ, ತಪ್ಪು ನಂದು. ಆದ್ರ ನನ್ನ ಅಕ್ಷರ ಮಂದಿಗೆ ನಗಸ್ತೀವಂತ ಮಾತು ಕೊಟ್ಟಾವ. ಎದ್ದುಬಿಡ್ರಿ.”

ಆಕೆ ಎದ್ದಳು. ಸೆರಗು ಕೊಡವಿ, ಸೊಂಟದ ಮೇಲೆ ಕೈಯಿಟ್ಟು, “ಯಾಕ್ರಪಾ, ನಾ ಸತ್ತದ್ದು ಪಸಂದ ಬರಲಿಲ್ಲೇನು?” ಅಂದಳು.

ಮಾಡಿನ ತಗಡು ಹಾರಿಹೋಗುವಂತೆ ಇಡೀ ಥಿಯೇಟರು “ವನ್ಸ್ ಮೋರ್” ಅಂತ ಕೂಗಿತು. ಆಕೆ ನಾಟಕದ ಅತ್ತೆಗೆ ಎರಡು ಮಾತು ಬೈದು ಮತ್ತೆ ಸತ್ತಳು. ಮತ್ತೆ ಎಬ್ಬಿಸಿದರು. ಏಳು ಸಲ ಸತ್ತಳು ಅಂತಾರೆ, ಹನ್ನೊಂದು ಅಂತಲೂ ಅಂತಾರೆ. ನಾಟಕ ಮುಗಿದರೂ ನಗು ಮುಗಿಯಲಿಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ನೋಡಿ. ಕಂಪನಿ ಆ ಊರಿನಲ್ಲಿ ನೂರು ಆಟ ಆಡಿತಂತೆ. ಒಬ್ಬ ಕಲಾವಿದನೂ ಗಂಟು ಕಟ್ಟಲಿಲ್ಲ.

ಅಲ್ಲೀಸಾಬ ಹೋಗಿ ಎಷ್ಟು ಕಾಲವಾಯಿತೋ. ಆ ಊರಿನ ನಾಟಕದ ಬೋರ್ಡು ಇವತ್ತಿಗೂ ಅವನ ಅಕ್ಷರದಲ್ಲೇ. ಯಾವ ಕಂಪನಿ ಬರಲಿ, ರಂಗದ ಮೇಲೆ ಯಾರೇ ಸಾಯಲಿ, ರಾಜನಿರಲಿ ರಾಕ್ಷಸನಿರಲಿ, ಹಿಂದಿನ ಸಾಲಿನಿಂದ “ಏಳ್ರಿ, ಬೋರ್ಡ ನೋಡಿ ಬಂದೀವಿ” ಅಂತ ಕೂಗು ಬರುತ್ತದೆ. ಸತ್ತವರು ಎದ್ದು, ಬೋರ್ಡಿನ ಕಡೆ ಕೈಮುಗಿದು, ಇನ್ನೊಮ್ಮೆ ಸಾಯಬೇಕು. ಅಲ್ಲಿಯವರೆಗೆ ಪರದೆ ಇಳಿಯುವುದಿಲ್ಲ.